ತಗಡಿನ ತೂತು

ಮಂಡಕ್ಕಿ ಭಟ್ಟಿಯ ರಾತ್ರಿ ಪಾಳಿ ಮುಗಿಸಿ
ಮನೆ ಮುಟ್ಟುವಾಗ ಎಂಟೂವರೆ.
ಕಿವಿಯೊಳಗೆ ಇನ್ನೂ ಕಾದ ಮರಳಿನ ಸದ್ದು,
ರೆಪ್ಪೆಯ ಮೇಲೆ ಹೊಟ್ಟಿನ ಮಸಿ.
ಕೈ ತೊಳೆದು, ಮುಖ ತೊಳೆದು, ಮತ್ತೊಮ್ಮೆ ಕೈ ತೊಳೆದು
ಇಂಚರಳ ಮುಂದೆ ಕೂತರೆ
ಅವಳು ನನ್ನನ್ನು ನೋಡುವುದಿಲ್ಲ.
ಪಾವನ್ನು ನೋಡುತ್ತಾಳೆ.

ವನಜಾಕ್ಷಿಯ ಆಟ ಬೇರೆ.
ಮಗಳ ಕಣ್ಣು ಎತ್ತ ಹೋದರೆ ಅತ್ತ
ಇವಳ ಮಾತು ಬರಿಗಾಲಲ್ಲಿ ಹಿಂದೆ ಹಿಂದೆ.
ಪಾವಿನ ಮೇಲೆ ಕಣ್ಣೋ, "ಹೌದವ್ವ, ಪಾವು, ತಣ್ಣಗೈತಿ."
ಬಾಗಿಲಲ್ಲಿ ನಾಯಿಯೋ, "ಬಂತಾ? ಹೋತಾ?"
ಯಾರದೋ ಸೀರೆಗೆ ಫಾಲ್ ಹಚ್ಚುತ್ತ
ಸೂಜಿಗೊಂದು ನೋಟ, ಕೂಸಿಗೊಂದು ನೋಟ,
ಎರಡರಲ್ಲೂ ಹೊಲಿಗೆ ತಪ್ಪುವುದಿಲ್ಲ.

ನನಗೆ ಅಷ್ಟು ತಾಳ್ಮೆ ಎಲ್ಲಿಂದ.
ನಾನು ಚಿಟಿಕೆ ಹೊಡೆದು
"ಇಲ್ಲಿ, ಇಲ್ಲಿ ನೋಡು" ಅನ್ನುವವನು,
ಪಾವನ್ನು ಟೋಪಿ ಮಾಡಿ ಸೀನಿ ಬೀಳಿಸುವವನು,
ಅದರೊಳಗೆ ಬಾಯಿಟ್ಟು ಭೂ ಎಂದು ಕೂಗುವವನು.
ಅವಳು ಬೆಚ್ಚಿ,
ಅಳುವುದೋ ನಗುವುದೋ ಎಂದು
ಅವ್ವನ ಮುಖ ನೋಡಿ ತೀರ್ಮಾನ ಮಾಡುತ್ತಾಳೆ.

ಆ ಗುರುವಾರ ನಾನು ಫೋನಿನಲ್ಲಿ
ಯಾರದೋ ಮದುವೆಯ ಸ್ಟೇಟಸ್ ನೋಡುತ್ತಿದ್ದೆ.
ತಗಡಿನ ತೂತಿನಿಂದ ದಾವಣಗೆರೆಯ ಬಿಸಿಲು ಇಳಿದು
ನೆಲದ ಮೇಲೆ ಎಂಟಾಣೆಯಗಲದ ಬಿಲ್ಲೆ.
(ಹೋದ ಮಳೆಗಾಲ ಪೂರ್ತಿ
ಅದರ ಕೆಳಗೆ ಬೋಗುಣಿ ಇಟ್ಟು ಮಲಗಿದ್ದೆವು.)
ಇಂಚರ ಅದನ್ನು ಉಗುರಲ್ಲಿ ಕೆರೆದಳು. ಏಳಲಿಲ್ಲ.
ಅಂಗೈಯಲ್ಲಿ ಮುಚ್ಚಿದಳು. ಕೈಮೇಲೆ ಹತ್ತಿ ಕೂತಿತು.
ಆಮೇಲೆ
ನಾಲ್ಕು ಬೆರಳು ಮಡಚಲು ಒದ್ದಾಡಿ
ಒಂದನ್ನು ಚಾಚಿ
"ದ್ದ" ಎಂದು
ತಿರುಗಿ ನನ್ನ ಕಡೆ ನೋಡಿದಳಂತೆ.

ಅಂತೆ.
ನಾನು ಕಂಡಿಲ್ಲ. ವನಜಾಕ್ಷಿ ಕಂಡಳು:
ಬೆರಳು ಅಲ್ಲೇ, ಕಣ್ಣು ನನ್ನ ಮುಖದ ಮೇಲೆ,
ಬಿಲ್ಲೆಗೆ ಹೋಗಿ ಮತ್ತೆ ನನ್ನ ಮುಖಕ್ಕೆ,
ಒಂದು ಸಲ, ಎರಡು ಸಲ.
ಬೆರಳು ಕೆಳಗಿಳಿಯಿತಂತೆ
ಕರೆಂಟು ಹೋದ ಮೇಲೆ ಫ್ಯಾನು ನಿಲ್ಲುವ ಹಾಗೆ.

"ಕೊಡು ಅಂದಿದ್ದಲ್ಲ ಅದು," ದಾರವನ್ನು ಹಲ್ಲಲ್ಲಿ ಕಡಿದು ಅಂದಳು,
"ಬೇಕಿದ್ರೆ ಅಂಗೈ ಚಾಚ್ತಾಳ.
ನೋಡು ಅಂದಿದ್ದು. ಬರೇ ನೋಡು ಅಂತ."

ಮರುದಿನ ಫೋನನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು ಕಾದೆ.
ಮೋಡ. ಬಿಲ್ಲೆ ಬೀಳಲಿಲ್ಲ.
ಅದರ ಮರುದಿನ ಬಿತ್ತು, ಅವಳಿಗೆ ಜೋರು ನಿದ್ದೆ.
ಒಬ್ಬನೇ ಕೂತು ನೋಡಿದೆ:
ನೆಲ, ನೆಲದ ಮೇಲೆ ಒಂದಿಷ್ಟು ಬೆಳಕು.

ಸೋಮವಾರ ಅವಳೂ ಎಚ್ಚರ, ಬಿಸಿಲೂ ಎಚ್ಚರ.
ತಡೆಯಲಾರದೆ ನಾನೇ ಮೊದಲು
"ಅಗಾ!" ಎಂದು ಬೆರಳು ತೋರಿಸಿದೆ.
ಅವಳು ಬಿಲ್ಲೆಯನ್ನು ನೋಡಲಿಲ್ಲ,
ನನ್ನ ಬೆರಳನ್ನೇ ನೋಡಿದಳು,
ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಉಳಿದದ್ದನ್ನು.
ನಾನೂ ನೋಡಿದೆ.
"ಹೌದವ್ವ," ಅಂದೆ, "ಮಸಿ."

ಮುಂಗಾರಿಗೆ ಮುಂಚೆ ಎಂ-ಸೀಲ್ ತಂದು
ಏಣಿ ಹತ್ತಿ ತೂತು ಮುಚ್ಚಿದೆ.
ಮುಚ್ಚಲೇಬೇಕಿತ್ತು, ಹಾಸಿಗೆ ಹಾಸುವುದೇ ಅಲ್ಲಿ.
ಮಾರನೆಯ ಬೆಳಿಗ್ಗೆ ಒಂಬತ್ತರ ಹೊತ್ತಿಗೆ
ಅವಳು ಅಂಬೆಗಾಲಲ್ಲಿ ಬಂದು
ಆ ಜಾಗ ಸವರಿ
ಖಾಲಿ ನೆಲಕ್ಕೆ ಬೆರಳು ಮಾಡಿ
ನನ್ನ ಕಡೆ ತಿರುಗಿದಳು.

ನಾನಿದ್ದೆ.
ನೆಲ ನೋಡಿದೆ, ಅವಳ ಮುಖ ನೋಡಿದೆ, ಮತ್ತೆ ನೆಲ.

"ಏನೈತಿ ಅಲ್ಲಿ?" ಒಳಗಿಂದ ವನಜಾಕ್ಷಿ.

"ಏನಿಲ್ಲ," ಅಂದೆ,
"ಬಾ, ನೋಡು."