ಎಂಟು ಕುದುರೆಯ ಮೋಟರು

ಮಲ್ಪೆಯಲ್ಲಿ ಏಳು ವರ್ಷ ಉಪ್ಪು ಕುಡಿದು
ಲಾರಿಯ ಮೇಲೆ ಘಾಟಿ ಹತ್ತಿ ಬಂದ ಮೋಟರು ಅದು.
ತಲೆ ಬಿಚ್ಚಿದರೆ ನೀರಿನ ದಾರಿಯ ತುಂಬ
ಹಂಡೆಯ ತಳದ ಹಾಗೆ ಬಿಳಿ ಹಕ್ಕಳೆ,
ಅದರ ಮೇಲೆ ಗೊರೂರಿನ ಹಿನ್ನೀರಿನ ಕೆಂಪು ಹೂಳು,
ಹೂಳಿನೊಳಗೊಂದು ಬಸವನಹುಳುವಿನ ಚಿಪ್ಪು.

‘ಇನ್ನಾಸಪ್ಪ, ಬಲೆ ಬಿಡೋ ಹೊತ್ಗೆ ಕಾದು ನಿಂತೋಯ್ತದೆ,
ಹುಟ್ಟು ಹಾಕಿ ಹಾಕಿ ರಟ್ಟೆ ಬಿದ್ದೋಗದೆ’ ಅಂದಳು ಚಿಕ್ಕತಾಯಿ.
ವರ್ಷದಲ್ಲಿ ಮೂರನೇ ಸಲ ಪಂಪಿನ ರಬ್ಬರು ಸವೆದಿತ್ತು,
ಆರು ರೆಕ್ಕೆಯಲ್ಲಿ ಉಳಿದದ್ದು ಎರಡು.

ನನ್ನ ಅಂಗಡಿ ಹಾಸನದಲ್ಲಿ, ಟ್ರಾಕ್ಟರಿನ ರೇಡಿಯೇಟರು ಬೆಸೆಯೋದು.
ದೋಣಿ ನನಗೆ ಗೊತ್ತಿಲ್ಲ. ಈಜೂ ಬಾರದು.
ಆದರೂ ಒಪ್ಪಿಕೊಂಡೆ, ಯಾಕೆಂದರೆ
ಮಂಗಳವಾರ ಶುಕ್ರವಾರ ನಾಲ್ಕು ನಾಲ್ಕು ಗಂಟೆ
ದೊಡ್ಡಾಸ್ಪತ್ರೆಯ ಸ್ಟೂಲಿನ ಮೇಲೆ ಕೂತು
ರೆಜಿನಾಳ ತೋಳಿಂದ ಹೊರಟ ಕೊಳವೆಯನ್ನೇ ನೋಡಿದ್ದೆ:
ರಕ್ತ ಈ ಕಡೆಯಿಂದ, ನೀರು ಆ ಕಡೆಯಿಂದ,
ನಡುವೆ ಕೂದಲಿಗಿಂತ ತೆಳ್ಳನೆ ಗೋಡೆ.
ಬೆರೆಯುವುದಿಲ್ಲ. ಆದರೂ ಕೊಡಬೇಕಾದ್ದನ್ನು ಆಚೆಗೆ ಕೊಟ್ಟು ಬರುತ್ತೆ.
‘ಏನ್ರೀ ಹಂಗೆ ನೋಡ್ತೀರಾ,
ಇದನ್ನೂ ಬಿಚ್ಚೋ ಯೋಚ್ನೆನಾ’ ಅಂದಿದ್ದಳು.

ಗುಜರಿಯಿಂದ ತಂದ ತಾಮ್ರದ ಕೊಳವೆ, ಹದಿನೆಂಟಡಿ.
ಒಳಗೆ ಮರಳು ತುಂಬಿ ಬಗ್ಗಿಸಿದೆ, ಮಡಿಕೆ ಬೀಳದ ಹಾಗೆ.
ದೋಣಿಯ ಹೊಟ್ಟೆಯಡಿ ಹೋಗಿ ಬರುವ ಎರಡು ಸಾಲು,
ಕಲ್ಲು ತಾಗದಂತೆ ಅಕ್ಕಪಕ್ಕ ಮರದ ಪಟ್ಟಿ.
ಹಳೆ ಕಾರಿನದೊಂದು ಪುಟ್ಟ ಪಂಪು. ಮೋಟರಿಗಿಂತ ಎತ್ತರದಲ್ಲಿ
ಹಿತ್ತಾಳೆ ಡಬ್ಬಿ, ಕಾದಾಗ ಹಿಗ್ಗುವ ನೀರಿಗೂ ಜಾಗ ಬೇಕಲ್ಲ.
ಹೊಗೆಯ ದಾರಿ ತಣಿಸಲು ಮಾತ್ರ ಹಿನ್ನೀರಿನ ಸಣ್ಣ ಪಾಲು,
ಅದು ಕೆಳಗಿಂದ ಕೆಳಗೇ ಹೋಗಲಿ ಎಂದು ಬಿಟ್ಟೆ.
ಮಿಕ್ಕ ಬಾಯಿಗಳಿಗೆಲ್ಲ ಬಿರಡೆ.

ತುಂಬುವ ದಿನ ಅವಳು ಬಿಂದಿಗೆ ಹೊತ್ತು ಬಂದಳು, ಬೋರಿನ ನೀರು.
ಬೇಡ ಅಂದೆ, ಗಡಸು, ಮತ್ತೆ ಹಕ್ಕಳೆ ಕಟ್ಟುತ್ತೆ.
ಬ್ಯಾಟರಿ ಅಂಗಡಿಯ ಐದು ಲೀಟರಿನ ಕ್ಯಾನು ತೋರಿಸಿದೆ.
‘ಇಷ್ಟು ದೊಡ್ಡ ನೀರಿನ ಮ್ಯಾಲೆ ಕೂತ್ಕೊಂಡು
ದುಡ್ಡು ಕೊಟ್ಟು ನೀರು ತತ್ತೀಯಲ್ಲೋ!’
ಹಸಿರು ಕೂಲೆಂಟು ಬೆರೆಸಿ ಸುರಿದೆ.
ಗಾಳಿಗುಳ್ಳೆ ಗುಳುಗುಳು ಎದ್ದವು, ಕೊನೆಯದೊಂದು
ಬಹಳ ಹೊತ್ತು ಬಿಟ್ಟು, ಏನೋ ನೆನಪಾದಂತೆ.

ಹಗ್ಗ ಎಳೆದಳು. ಎರಡನೇ ಸಲಕ್ಕೆ ಹಿಡಿಯಿತು.
ದಡ ಸಣ್ಣದಾಗುತ್ತ ಬಂತು. ಅವಳು ಹಿಂದಕ್ಕೆ ತಿರುಗಿ ನೋಡಿದಳು,
ಮತ್ತೆ ನೋಡಿದಳು.
‘ಉಚ್ಚೆ ಹುಯ್ತಿಲ್ವಲ್ಲೋ ಇದು.’
ಮೋಟರಿನ ಬೆನ್ನಿಂದ ಬೀಳುತ್ತಿದ್ದ ಸಣ್ಣ ಧಾರೆ,
ಅದನ್ನು ನೋಡಿಕೊಂಡೇ ಅವಳು ನಡುನೀರಿಗೆ ಹೋಗುತ್ತಿದ್ದದ್ದು.
ಧಾರೆ ಇದ್ದರೆ ಸುಖ, ನಿಂತರೆ ಮೋಟರು ನಿಲ್ಲಿಸು.

ಸ್ವಲ್ಪ ಹೊತ್ತು ನನಗೆ ಮಾತು ಹೊರಡಲಿಲ್ಲ.
ಪ್ರತಿ ಸಲ ಡಾಕ್ಟರು ಕೇಳೋದೂ ಅದೇ,
ನಿನ್ನೆ ಎಷ್ಟಾಯ್ತಮ್ಮ, ಲೋಟವೋ ಅರ್ಧ ಲೋಟವೋ.
ಈಚೆಗೆ ರೆಜಿನಾ ಲೆಕ್ಕ ಹೇಳುವುದು ಬಿಟ್ಟಿದ್ದಾಳೆ.
ಒಗ್ಗರಣೆ ಹಾಕುತ್ತಾಳೆ, ಪಕ್ಕದ ಮನೆಯವಳ ಜೊತೆ ಜಗಳ ಆಡುತ್ತಾಳೆ,
ಇಡೀ ದಿನಕ್ಕೆ ಒಂದು ಚೊಂಬು ನೀರು, ಅಳೆದು.

‘ಇನ್ನು ಹೊರಗೆ ಕಾಣಲ್ಲ ತಾಯಿ, ಒಳಗೇ ಸುತ್ತುತ್ತೆ.’
‘ಕಾಣ್ದಿದ್ರೆ ನಂಬೋದೆಂಗೆ?’
ಕೈ ಇಡು ಅಂದೆ. ಇಟ್ಟಳು ಮುಚ್ಚಳದ ಮೇಲೆ,
ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ
ಮೊದಲು ಅಂಗೈ, ಆಮೇಲೆ ಮುಂಗೈ ಹಿಂಭಾಗ.
ಬೆಚ್ಚಗಿತ್ತು. ಅರ್ಧ ಗಂಟೆ ಬಿಟ್ಟು ಮತ್ತೆ ಇಟ್ಟಳು,
ಅಷ್ಟೇ ಬೆಚ್ಚಗಿತ್ತು.
ಏನೂ ಹೇಳದೆ ಬಲೆಯ ಗಂಟು ಬಿಡಿಸತೊಡಗಿದಳು.

ನಾನು ಒಂದು ಕೈಯಲ್ಲಿ ದೋಣಿಯ ಅಂಚು ಬಿಗಿ ಹಿಡಿದು
ಇನ್ನೊಂದನ್ನು ನೀರಿಗೆ ಇಳಿಸಿದೆ. ತಣ್ಣಗಿತ್ತು.
ನಮ್ಮ ಬಿಸಿ ಅದಕ್ಕೆ ಗೊತ್ತೇ ಆದಂತಿರಲಿಲ್ಲ.
ಹೊತ್ತು ಮುಳುಗಿತ್ತು. ನಾಳೆ ಶುಕ್ರವಾರ.