ಒಲ್ಲೆ ಅನ್ನುವ ಗುಂಡಿ

ಹೋದ ವರ್ಷ ಗುಳೇದಗುಡ್ಡದ ಇದೇ ಓಣಿಗೆ
ಹದಿನೈದು ಪುಟದ ಒಪ್ಪಿಗೆ ಪತ್ರ ತಂದಿದ್ದೆ,
ಜತೆಗೆ ನೀಲಿ ಶಾಯಿಯ ಡಬ್ಬಿ.
ಹೆಬ್ಬೆಟ್ಟು ಒತ್ತಿದ ಮೇಲೆ ಬಂಗಾರೆವ್ವ
ಬೆರಳನ್ನು ಗೋಡೆಗೆ ಒರೆಸಿದ್ದಳು.
ಆ ಕಲೆ ಇನ್ನೂ ಇದೆ
ಸ್ವಿಚ್ಚಿನ ಕೆಳಗೆ, ಸುಣ್ಣ ಬಳಿದರೂ.

ಈ ಸಲ ಟ್ಯಾಬು.
ಕಾಗದ ಉಳಿಯುತ್ತದೆ, ಗೆದ್ದಲು ಹತ್ತುವುದಿಲ್ಲ ಎಂದು
ಬಾಗಲಕೋಟೆಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.
ನೂಲಿನ ಧೂಳು, ನೇಕಾರರ ಉಸಿರು: ಅಧ್ಯಯನ ಅದೇ,
ಊದುವ ಕೊಳವೆಯೂ ಅದೇ.

ರಾಟಿ ನಿಲ್ಲಿಸದೆ ವಿಡಿಯೊ ನೋಡಿದಳು.
ಪರದೆಯ ಡಾಕ್ಟರಬಾಯಿ ಇಸ್ತ್ರಿ ಮಾಡಿದ ಕನ್ನಡದಲ್ಲಿ
"ತಾವು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು" ಅಂದಾಗ
ಬಂಗಾರೆವ್ವ ಕುಂತಲ್ಲೇ ಒಂದು ಗೇಣು ಹಿಂದೆ ಸರಿದಳು.
"ಇಷ್ಟು ಸಾಕೇನಬೇ?"

ನಗು ಬಂತು. ಆಮೇಲೆ ನಾಚಿಕೆ.
ಹೋದ ವರ್ಷ ಇದೇ ಸಾಲನ್ನು
ನಾನೇ ಓದಿ ಹೇಳಿದ್ದೆ, ಗಡಿಬಿಡಿಯಲ್ಲಿ,
ಊಟದ ಹೊತ್ತಾಗಿತ್ತು.
ಆಗಲೂ ಸರಿದಿದ್ದಳೋ ಏನೋ, ನಾನು ನೋಡಿರಲಿಲ್ಲ.

"ಹಂಗಲ್ಲಬೇ, ಒಲ್ಲೆ ಅನಬಹುದು ಅಂತ.
ಇವತ್ತು, ನಾಳೆ, ಊದೂ ಹೊತ್ತಿನ್ಯಾಗೂ."
"ಯಾರೂ ಸಿಟ್ಟಾಗೂದಿಲ್ಲ?"
"ಇಲ್ಲ."
"ಯವ್ವಾ, ಅಂಥಾದ್ದೊಂದು ಮನಿ ಐತೇನು!"
ರಾಟಿ ನಿಂತಿತು.

ಒಪ್ಪಿಗೆಯ ಗುಂಡಿ ಹಸಿರು, ರೊಟ್ಟಿಯಷ್ಟು ಅಗಲ.
ಇನ್ನೊಂದು ಅದರ ಕೆಳಗೆ, ಬೂದಿ ಬಣ್ಣ, ಎಳ್ಳಿನಷ್ಟು.
ಅದನ್ನೇ ಬೆರಳಾಡಿಸಿ ಹುಡುಕಿದಳು.
ನನ್ನ ಎದೆ ಧಸಕ್ಕೆಂದಿತು,
ಈ ವಾರ ಇನ್ನೂ ಒಂಬತ್ತು ಮಂದಿ ಬೇಕಿತ್ತು.

ಒತ್ತಿದಳು. ಗಾಜು ಸುಮ್ಮನಿತ್ತು.
ಮತ್ತೆ ಒತ್ತಿದಳು.
ಕಂಡಿಕೆ ಸುತ್ತಿ ಸುತ್ತಿ ದಡ್ಡುಗಟ್ಟಿದ ಬೆರಳಿನ
ಗುರುತು ಗಾಜಿಗೆ ಹತ್ತಲಿಲ್ಲ.
"ನೀನ ಒತ್ತು."
ಅದೊಂದನ್ನು ಮಾತ್ರ ಮಾಡಕೂಡದು ಎಂದು
ತರಬೇತಿಯ ಹಾಳೆಯಲ್ಲಿ ಕೆಂಪು ಅಕ್ಷರದಲ್ಲಿತ್ತು.

ಬೆರಳನ್ನು ಬಾಯಿ ಹತ್ತಿರ ಒಯ್ದು
ಹಾ ಎಂದು ಉಸಿರು ಬಿಟ್ಟಳು,
ನಮಗೆ ಬೇಕಾಗಿದ್ದ ಅದೇ ಉಸಿರು, ನಡುವೆ ಒಂದು ಕೆಮ್ಮು.
ಗುಂಡಿ ಒಪ್ಪಿತು.
ಧನ್ಯವಾದ ಎಂದ ಟ್ಯಾಬು ಬಿಳಿಚಿಕೊಂಡು
ಮುಂದಿನ ಹೆಸರು ಕೇಳಿತು.

"ನನ್ನ ಪಾಲಿನ ಹಾಳಿ?"
ಒಪ್ಪಿದವರಿಗೆ ಫೋನಿಗೆ ಬರ್ತೈತಿ, ಅಂದೆ.
"ಒಲ್ಲೆ ಅಂದವರಿಗೆ?"

ಟ್ರಂಕಿನಿಂದ, ರೇಷನ್ ಕಾರ್ಡಿನ ಅಡಿಯಿಂದ,
ಹೋದ ವರ್ಷದ ಪ್ರತಿ ತೆಗೆದಳು,
ಮಡಿಕೆ ಹರಿದು ನಾಲ್ಕು ತುಂಡಾಗಲು ಬಂದಿತ್ತು.
"ಇದರ ಬೆನ್ನಿಗೆ ಬರಿ, ಬಂಗಾರೆವ್ವ ಒಲ್ಲೆ ಅಂದಾಳ ಅಂತ.
ತಾರೀಖೂ ಹಾಕು."
ಬರೆದೆ.
ಓದು ಅಂದಳು. ಓದಿದೆ.
ಇನ್ನೊಮ್ಮೆ ಅಂದಳು.