ಬಾಗಿಲ ಕೆಳಗಿನ ಸಂದು

ಏಸಿ ಚಲೋ ಅದರಿ, ಅಂದ ಬಂದಗಿಸಾಬ,
ಸೋರಾಕತ್ತಿದ್ದು ನಿಮ್ಮ ಮನಿ.

ಊದಿನಕಡ್ಡಿ ಹಚ್ಚಿ ಗೋಡಿಗುಂಟ ನಡದ.
ಕಿಡಕಿ ಮ್ಯಾಲಿನ ಬಿರುಕಿನಾಗ
ಬಿಸಿಗಾಳಿ ಹೊಗಿ ನೂಕಿತು ಒಳಗ,
ಹೊಸ್ತಿಲಕ್ಕ ಬಂದದ್ದೇ
ಎಳಿ ನೆಲಕ್ಕ ಮಲಗಿ
ಸಂದಿನಾಗ ಹಾದು ಹೋತು.

ಕಲಬುರಗಿ. ಮೇ. ನಲವತ್ನಾಕು.
ಮಡಚಿದ ಕರೆಂಟ್ ಬಿಲ್ಲು ಕೈಯಾಗ ಬೆವತದ.
ಮೊಳದಗಲ ಗೋಡಿ, ಮಣ್ಣಿನ ಮಾಳಗಿ
ಕೆಡವಿ ಕಟ್ಟಿದ್ದು ನಾನೇ,
ಯಾರಿಗಿ ಬೈಲಿ?

ರಬ್ಬರ್ ಪಟ್ಟಿ ಬಡಿಲಾಕ ಬಾಗಲ ತೆರದರ
ಮೆಟ್ಟಲ ಮ್ಯಾಲ ಇಮಲಾಬಾಯಿ,
ಕಸದ ಗಾಡಿ ಬೇವಿನ ಬುಡಕ್ಕ ಬಿಟ್ಟು
ಸಂದಿಗಿ ಬೆನ್ನು ಕೊಟ್ಟು ಕುಂತಾಳ.
ಇಲ್ಲಿ ತಂಪ ಬರ್ತದರಿ ಯಕ್ಕಾ,
ದಿನಾ ಹತ್ತು ನಿಮಿಷ ಕುಂದರತೀನಿ.

ಮೊಳಿ ತುಟಿಯಾಗ ಹಿಡಕೊಂಡು
ಬಂದಗಿಸಾಬ ನನ್ನ ಮಾರಿ ನೋಡಿದ.

ಕಿಡಕಿ ಮೊದಲ ಮಾಡು, ಅಂದೆ.